ಎಂಟೂವರೆಯ ಅಳತೆ

ಸೇಡಂ ತಹಸೀಲ ಕಚೇರಿಯ ಹಿಂದಿನ ಖೋಲಿ.
ಕಾಲಿಗೆ ತಂಪು ಶಾಬಾದಿ ಕಲ್ಲು,
ತಲೆಯ ಮೇಲೆ ತಿರುಗಿದಂತೆ ಮಾಡುವ ಫ್ಯಾನು.
ನನಗೆ ಕೊಟ್ಟ ಕೆಲಸ ಇಷ್ಟೇ:
ಮಳೆಯ ರಿಜಿಸ್ಟರೆಲ್ಲ ಕಂಪ್ಯೂಟರಿಗೆ ಏರಿಸುವುದು.
ವರ್ಷಕ್ಕೊಂದು ಸಾಲು,
ಸಾಲಿಗೊಂದು ಮೊತ್ತ.

ಹಳೆಯವು ಉರ್ದುವಿನಲ್ಲಿವೆ.
ಅದಕ್ಕೇ ಜುಬೇದಾ ಟೀಚರು ಬರುತ್ತಾರೆ,
ರಿಟೈರಾಗಿ ಹನ್ನೊಂದು ವರ್ಷ.
ಫಸಲಿ ಸನ್ನಿಗೆ ಐನೂರತೊಂಬತ್ತು ಕೂಡಿಸಿ
ಇಸವಿ ಹೇಳುತ್ತಾರೆ, ಬೆರಳು ಮಡಚದೆ.
"ಬರ್ಕೋ. ಹತ್ತು ಸೆಂಟು. ನಾಕು ಸೆಂಟು.
ಇಪ್ಪತ್ತೆರಡು. ಆರು. ಮತ್ತ ಆರು.
ಇದೇನು ಗೀಚ್ಯಾನ ಇಲ್ಲಿ... ಹಾಂ,
ಬೂಂದಾಬಾಂದಿ."

ಬರೆದವನು ವಹೀದ್ ಪೇಶ್ಕಾರ,
ಗಾಳಿಗೆ ಬಾಗಿದ ಜೋಳದಂಥ ಅಕ್ಷರ.
ಒಂದು ಕಡೆ ಶಾಯಿ ಹರಡಿದೆ:
ಅಳೆದು ಒಳಬಂದವನ ತೋಳಿಂದ ಬಿದ್ದ ಹನಿ,
ಲೆಕ್ಕಕ್ಕೆ ಸೇರದ್ದು.

ಆಮೇಲೆ ಇಂಚು ಹೋಗಿ ಮಿಲಿಮೀಟರು ಬಂತು,
ವಹೀದ್ ಹೋಗಿ ಸಾಯಬಣ್ಣ.
ಕೊಡೆಯಿಲ್ಲದೆ ಮೂವತ್ತೊಂದು ವರ್ಷ ಮಳೆ ಅಳೆದವನು.
ಅಂಚಿನಲ್ಲಿ ತನ್ನದೇ ಒಂದು ಸಣ್ಣ ಕಚೇರಿ:
ಮಿರಗದ ಹುಳ ಕಂಡವು.
ಆರಿದ್ರಾ ಹೊಕ್ಕಿತು, ಸದ್ದಿಲ್ಲ.
ಜಡಿ, ನಾಕನೇ ದಿನ.
ಜಡಿ, ಐದನೇ ದಿನ. ಕಾಗದ ಮೆತ್ತಗಾಗ್ಯಾದ.

ಮೊತ್ತ ಒತ್ತಿದೆ. ಹೆಚ್ಚುಕಡಿಮೆ ಅಷ್ಟೇ,
ಅಂದೂ ಇಂದೂ.
"ಸರಾಸರಿ ಬಿದ್ದದ ಬಿಡ್ರಿ" ಎಂದರು ಸಾಹೇಬರು
ಚಹಾ ಬಸಿಗೆ ಹುಯ್ದುಕೊಳ್ಳುತ್ತ.

ಯಾರೂ ಕೇಳಿರಲಿಲ್ಲ,
ಸುಮ್ಮನೆ ನಾನು ದಿನ ಎಣಿಸಿದೆ.
ವಹೀದನ ಒಂದು ವರ್ಷಕ್ಕೆ ಐವತ್ತೆಂಟು.
ಸಾಯಬಣ್ಣನ ಕೊನೆಯದಕ್ಕೆ ನಲವತ್ತೊಂದು.
ಹೋದ ವರ್ಷ, ನನ್ನ ಕೈಬರಹದಲ್ಲಿ,
ಇಪ್ಪತ್ತೇಳು.
ಅದರಲ್ಲೂ ಅರ್ಧ ಒಂದೇ ರಾತ್ರಿಯದು,
ಉತ್ತರಿಯ ಆ ರಾತ್ರಿ.
ಬೆಳಿಗ್ಗೆ ಎಂಟೂವರೆಗೆ ಹೋದರೆ
ಮಾಪಕದ ಬಾಟಲಿ ತುಂಬಿ, ಡಬ್ಬಿ ತುಂಬಿ,
ಸುತ್ತಲ ಹುಲ್ಲು ಮಲಗಿತ್ತು.
ಅಳತೆಯ ಗಾಜನ್ನು ಎಷ್ಟೋ ಸಲ ಬಗ್ಗಿಸಿದೆ,
ಏಳರ ನಂತರ ಒಮ್ಮೆ ತಪ್ಪಿ ಮತ್ತೆ ಏಳು ಎಂದೆ.
ಹೊರಗೆ ಚೆಲ್ಲಿದ್ದನ್ನು
ಯಾವ ಮನೆಯಲ್ಲಿ ಬರೆಯಬೇಕಿತ್ತು?
ಕಾಗಿಣಾಕ್ಕೆ ಗೊತ್ತಿರಬೇಕು. ಅದು ಆಗಲೇ
ಮಳಖೇಡದ ಸೇತುವೆಯ ಮೇಲಿತ್ತು,
ಯಾರದೋ ತೊಗರಿ, ಯಾರದೋ ಬಾಗಿಲು ಹೊತ್ತು.

"ಅಕ್ಕಾ, ಜಡಿ ಅಂದ್ರ ಏನ್ರಿ?"
ಕೀಬೋರ್ಡಿನಿಂದ ಭೀಮಶಾ ತಲೆ ಎತ್ತಿದ.
ಇಪ್ಪತ್ತಮೂರರ ಹುಡುಗ,
ಇದೇ ಊರವ, ಇದೇ ಮಣ್ಣಿನವ.
"ಹೆವಿ ರೇನ್ ಅಂತ ಹಾಕ್ಲಿ?"

"ಬ್ಯಾಡ" ಎಂದೆವು ಇಬ್ಬರೂ ಒಮ್ಮೆಗೇ.
ಜಡಿ, ಎಂದೆ ನಾನು.
ಝಡಿ, ಎಂದರು ಟೀಚರು.
ಒಂದೇ ಮಾತು, ಗಂಟಲು ಬೇರೆ.

ಹೇಳುವುದು ಹೇಗೆ?
ಅದು ಬಡಿಯುವುದಿಲ್ಲ. ಅವಸರವಿಲ್ಲ.
ಬೀಗರ ಮನೆಗೆ ಬಂದ ಅತ್ತೆಯಂತೆ ಕೂತುಬಿಡುತ್ತದೆ.
ಕಡ್ಡಿಪೆಟ್ಟಿಗೆ ಹತ್ತುವುದಿಲ್ಲ,
ಲಂಗ ಒಣಗುವುದಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಬೇಕು.
ಗೋಣಿಚೀಲದ ಕೊಪ್ಪಿ ಹಾಕಿಕೊಂಡು ಅಪ್ಪ
ಮಾಳಿಗೆಗೆ ಹಾಳುಮಣ್ಣು ಹೊರುತ್ತಿದ್ದ,
ಕೆಳಗೆ ನಾವು ಸೋರುವಲ್ಲೆಲ್ಲ ತಾಬಾಣ ಇಟ್ಟು
ಯಾವುದು ಮೊದಲು ತುಂಬುತ್ತದೆಂದು ಪಂದ್ಯ ಕಟ್ಟುತ್ತಿದ್ದೆವು.
ಎರೆಮಣ್ಣು ಕುಡಿಯುತ್ತಿತ್ತು, ನಿಧಾನ,
ತುಟಿ ಒರೆಸದೆ.

"ನಮ್ಮ ಅಮ್ಮಿ ಬೈತಿದ್ಲು ಝಡಿಗೆ" ಎಂದರು ಟೀಚರು,
"ಈಗ ಇದ್ದಿದ್ರ ಅದ್ನ ಹುಡುಕ್ತಿದ್ಲು,
ಬೈಯ್ಲಿಕ್ಕರೆ."

ಭೀಮಶಾ ಕೇಳಿದ, ನಕ್ಕ,
ಆ ಮನೆಯನ್ನು ಖಾಲಿ ಬಿಟ್ಟು
ಮುಂದಿನ ಸಾಲಿಗೆ ಹೋದ.

ಇವತ್ತು ಎಂಟೂವರೆಗೆ ತಂತಿಬೇಲಿಯೊಳಗೆ ಹೋಗಿ
ಮುಚ್ಚಳ ತೆಗೆದೆ.
ಒಂದು ಬೇವಿನ ಎಲೆ.
ಗಾಜಿನ ಗೋಡೆಗೆ ಅಂಟಿದ ಎರಡು ಹನಿ,
ಮೊದಲ ಗೆರೆಯನ್ನೂ ಮುಟ್ಟದ್ದು.
ಕಂಪ್ಯೂಟರು ಸೊನ್ನೆ ಕೇಳಿತು, ಕೊಟ್ಟೆ.

ಆಮೇಲೆ ಸಾಯಬಣ್ಣನ ಕೊನೆಯ ರಿಜಿಸ್ಟರು ತೆಗೆದು
ಅವನ ಸಹಿಯ ಕೆಳಗಿನ ಖಾಲಿಯಲ್ಲಿ ತಾರೀಖು ಹಾಕಿ
ಕನ್ನಡದ ಅಕ್ಷರದಲ್ಲಿ ಬರೆದೆ:
ಬುಂದಾಬಂದಿ.

ಟೀಚರು ಕನ್ನಡಕ ಏರಿಸಿ ನೋಡಿದರು.
ಪೆನ್ನು ಕೇಳಿದರು.
ಎರಡು ಕಡೆ ದೀರ್ಘ ಕೊಟ್ಟರು.